ಬೆನ್ನು ತಿರುಗಿಸಿ ನಿಂತಿರುವ ಆ ಬಿಳಿ ಬಟ್ಟೆಯವರು ಯಾರು?

ಪ್ರಶ್ನೆ: ಬರ್ಲಿನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿ ಆರ್ನಾಲ್ಡ್ ಬೋಕ್ಲಿನ್ ಎಂಬ ಕಲಾವಿದರ 'ಸತ್ತವರ ದ್ವೀಪ' ಎಂಬ ತೈಲಚಿತ್ರ ನೋಡಿದೆ. ನೀರಿನ ನಡುವೆ ದೊಡ್ಡ ಬಂಡೆ, ಮಧ್ಯದಲ್ಲಿ ಕಪ್ಪು ಮರಗಳು, ಒಂದು ಪುಟ್ಟ ದೋಣಿ, ಅದರಲ್ಲಿ ಬಿಳಿ ಬಟ್ಟೆ ಹೊದ್ದು ನಿಂತಿರುವ ಒಬ್ಬರು. ನಮ್ಮ ಯಜಮಾನರು ಹೋಗಿ ಎರಡು ವರ್ಷ ಆಗುತ್ತಾ ಬಂತು. ದೋಣಿಯಲ್ಲಿ ನಿಂತಿರೋದು ನಾನೇ, ಅವರನ್ನು ಬಿಟ್ಟುಬರೋಕೆ ಹೋಗ್ತಿದ್ದೀನಿ ಅನ್ನಿಸಿಬಿಟ್ಟಿತು. ಮಗಳು ಮೊಬೈಲ್ ನೋಡಿ, "ಅಮ್ಮಾ, ಆ ಮರ ಅಂದ್ರೆ ಸಾವು, ದೋಣಿ ನಡೆಸೋನು ಗ್ರೀಕರ ಕಥೆಯ ಅಂಬಿಗ, ಅಷ್ಟೇ" ಅಂದಳು. ಹಾಗಾದರೆ ನನಗೆ ಅನ್ನಿಸಿದ್ದು ತಪ್ಪೇ? ಇದು ನಮ್ಮ ವೈತರಣಿಯ ಹಾಗೇ ಅಲ್ವಾ? ದೋಣಿ ಹೋಗ್ತಿದೆಯೋ, ಬರ್ತಿದೆಯೋ? ಇದರ ಪ್ರಿಂಟ್ ತರಿಸಿ ಮನೆಯಲ್ಲಿ ಹಾಕಬೇಕು ಅಂತ ಆಸೆ. ನಾದಿನಿ ಮಾತ್ರ ಬೇಡವೇ ಬೇಡ ಅಂತಾರೆ.

ಉತ್ತರ: ತಪ್ಪಲ್ಲ. ಇನ್ನೂ ಒಂದು ಮಾತು ಹೇಳುತ್ತೇನೆ, ಕೇಳಿ. ಆ ದೋಣಿಯಲ್ಲಿ ಬಿಳಿ ಬಟ್ಟೆಯವರು ಬಂದು ನಿಂತದ್ದೇ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಮಾತಿನಿಂದ.

ಬೋಕ್ಲಿನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವರು. ಹುಟ್ಟಿದ್ದು 1827ರಲ್ಲಿ. 1880ರಲ್ಲಿ ಅವರು ಇಟಲಿಯ ಫ್ಲಾರೆನ್ಸ್‌ನಲ್ಲಿದ್ದರು. ಒಬ್ಬ ಗಿರಾಕಿಗಾಗಿ ಈ ದ್ವೀಪದ ಮೊದಲ ಚಿತ್ರ ಬರೆಯುತ್ತಿದ್ದರು. ಅದು ಅರ್ಧ ಮುಗಿದು ಈಸೆಲ್ ಮೇಲೆ ಇದ್ದಾಗ ಜರ್ಮನಿಯಿಂದ ಮಾರಿ ಬೆರ್ನಾ ಎಂಬಾಕೆ ಸ್ಟುಡಿಯೋಗೆ ಬಂದರು. ಆಕೆಯ ಗಂಡ ಜಾರ್ಜ್ ಬೆರ್ನಾ 1865ರಲ್ಲಿ ಗಂಟಲಮಾರಿ ಕಾಯಿಲೆಯಿಂದ, ಅಂದರೆ ಡಿಫ್ತೀರಿಯಾದಿಂದ, ತೀರಿಕೊಂಡಿದ್ದರು. ಅರ್ಧ ಚಿತ್ರ ನೋಡಿಯೇ ಆಕೆಗೆ ಅದು ಹಿಡಿಸಿತು. ಕನಸು ಕಾಣೋಕೆ ತನಗೂ ಇಂಥದೊಂದು ಚಿತ್ರ ಬೇಕು ಎಂದು ಕೇಳಿದರು. ಬೋಕ್ಲಿನ್ ಆಕೆಗಾಗಿ ಮರದ ಹಲಗೆಯ ಮೇಲೆ ಇನ್ನೊಂದು ಚಿಕ್ಕ ಚಿತ್ರ ಬರೆದರು. ಈಗ ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ದೋಣಿಯಲ್ಲಿ ಶವಪೆಟ್ಟಿಗೆ ಮತ್ತು ಬಿಳಿ ಬಟ್ಟೆಯ ಆಕೃತಿ ಸೇರಿದ್ದು ಆಕೆಯ ಕೋರಿಕೆಯ ಮೇಲೆ, ಸತ್ತ ಗಂಡನ ನೆನಪಿಗೆ. ಆಮೇಲೆ ಬೋಕ್ಲಿನ್ ಮೊದಲ ಚಿತ್ರಕ್ಕೂ ಅವೆರಡನ್ನು ಸೇರಿಸಿದರು.

ಅಂದರೆ ಆ ಆಕೃತಿ ಅಲ್ಲಿಗೆ ಬಂದಿದ್ದು ಕೊನೆಯಲ್ಲಿ. ಈಗ ನಾವೆಲ್ಲ ಮೊದಲು ನೋಡುವುದು ಅದನ್ನೇ. ಬಂಡೆ, ಮರ, ನೀರು ಎಲ್ಲ ಸಿದ್ಧವಾಗಿದ್ದ ಜಾಗಕ್ಕೆ ಬೇರೆಯವರ ದುಃಖವೊಂದು ಬಂದು ನಿಂತಿತು. ಅದು ಎಷ್ಟು ಸರಿಹೋಯಿತು ಎಂದರೆ ಮುಂದೆ ಬರೆದ ಮೂರೂ ಚಿತ್ರಗಳಲ್ಲಿ ಬೋಕ್ಲಿನ್ ಅದನ್ನು ಬಿಡಲಿಲ್ಲ. ನೀವು ನೋಡಿದ್ದು 1883ರದ್ದು, ಮೂರನೆಯದು. ಫ್ರಿಟ್ಜ್ ಗುರ್ಲಿಟ್ ಎಂಬ ಚಿತ್ರ ವ್ಯಾಪಾರಿಗಾಗಿ ಮಾಡಿದ್ದು. 'ಸತ್ತವರ ದ್ವೀಪ' ಎಂಬ ಹೆಸರು ನಿಂತಿದ್ದೂ ಆ ವ್ಯಾಪಾರಿಯಿಂದಲೇ. 1884ರ ನಾಲ್ಕನೆಯದು ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಯಿತು, ಕಪ್ಪು ಬಿಳುಪು ಫೋಟೋ ಮಾತ್ರ ಉಳಿದಿದೆ. 1886ರ ಐದನೆಯದು ಲೈಪ್ಜಿಗ್‌ನಲ್ಲಿದೆ.

ಇನ್ನು ನಿಮ್ಮ ಮಗಳ ಮಾತಿಗೆ ಬರೋಣ. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ 'ಅಷ್ಟೇ' ಅಂದರಲ್ಲ, ಅಲ್ಲಿ ನನ್ನ ತಕರಾರಿದೆ.

ಆ ಕಪ್ಪು ಮರಗಳು ಸೈಪ್ರೆಸ್. ಇಟಲಿ, ಗ್ರೀಸ್ ಕಡೆ ಹಳೆಯ ಕಾಲದಿಂದಲೂ ಅದು ಸ್ಮಶಾನದ ಮರ. ಫ್ಲಾರೆನ್ಸ್‌ನಲ್ಲಿ ಬೋಕ್ಲಿನ್ ಸ್ಟುಡಿಯೋ ಹತ್ತಿರವೇ 'ಇಂಗ್ಲಿಷ್ ಸ್ಮಶಾನ' ಅಂತ ಒಂದಿದೆ. ಎತ್ತರದ ದಿಬ್ಬ, ತುಂಬಾ ಸೈಪ್ರೆಸ್. ಈಗ ಸುತ್ತ ವಾಹನಗಳ ರಸ್ತೆ ಹರಿಯುತ್ತದೆ, ನಡುವೆ ದಿಬ್ಬ ಮಾತ್ರ ದ್ವೀಪದ ಹಾಗೇ ಉಳಿದಿದೆ. ಬೋಕ್ಲಿನ್ ಅವರ ಹಸುಗೂಸು ಮಗಳನ್ನು ಮಣ್ಣು ಮಾಡಿದ್ದು ಅಲ್ಲೇ. ಅವರ ಮಕ್ಕಳಲ್ಲಿ ಹಲವರು ಕಣ್ಣೆದುರೇ ತೀರಿಕೊಂಡರು. ಹಾಗಾಗಿ ಸೈಪ್ರೆಸ್ ಅವರಿಗೆ ಪುಸ್ತಕದಲ್ಲಿ ಓದಿ ತಿಳಿದ ಚಿಹ್ನೆ ಅಲ್ಲ. ಮಗುವನ್ನು ಬಿಟ್ಟುಬಂದ ಜಾಗದ ಮರ ಅದು.

ಅದೇ ಮರವನ್ನು 1889ರಲ್ಲಿ ವ್ಯಾನ್ ಗೋ ಕೂಡ ಬರೆದರು. ಅವರದ್ದು ಹಸಿರು ಬೆಂಕಿಯ ಹಾಗೆ ಸುರುಳಿ ಸುತ್ತಿ ಮೇಲೇಳುತ್ತದೆ. ಈಜಿಪ್ಟಿನ ಕಲ್ಲುಕಂಬದಷ್ಟು ಚೆಂದದ ಆಕಾರ ಅದಕ್ಕಿದೆ ಎಂದು ತಮ್ಮನಿಗೆ ಕಾಗದ ಬರೆದಿದ್ದರು. ಈಗ ಹೇಳಿ, ಸೈಪ್ರೆಸ್ ಅಂದರೆ ಸಾವು ಅಂತ ಕಂಠಪಾಠ ಮಾಡಿಕೊಂಡು ಹೋದವರಿಗೆ ಈ ಎರಡು ಚಿತ್ರಗಳ ವ್ಯತ್ಯಾಸ ಕಾಣುತ್ತದೆಯೇ? ನಮ್ಮ ಊಟಿ, ಲಾಲ್‌ಬಾಗ್ ಕಡೆ ಅಂಥ ಮರ ಕಂಡರೆ ನಮಗೆ ಪಾರ್ಕು ನೆನಪಾಗುತ್ತದೆ, ಸಾವಲ್ಲ. ಚಿಹ್ನೆಗೆ ಅರ್ಥ ಬರೋದು ಅದನ್ನು ಎಲ್ಲಿ ನೆಟ್ಟಿದ್ದಾರೆ, ಪಕ್ಕದಲ್ಲಿ ಏನಿದೆ ಅನ್ನೋದರಿಂದ. ಬೋಕ್ಲಿನ್ ನೆಟ್ಟಿರೋದು ಎರಡು ಬಂಡೆಗಳ ನಡುವೆ, ದಾರಿಯೇ ಕಾಣದ ಹಾಗೆ. ದೋಣಿ ಹೋಗಿ ಮುಟ್ಟುವ ಜಾಗದ ಹಿಂದೆ ಏನಿದೆ ಅಂತ ಆ ಮರಗಳು ನಮಗೆ ತೋರಿಸುವುದಿಲ್ಲ. ಅಲ್ಲಿ ಅವುಗಳ ಕೆಲಸ ಪರದೆಯದು.

ಅರ್ಥ ಬಿಡಿಸಿ ಓದಲೆಂದೇ ಬರೆದ ಚಿತ್ರಗಳೂ ಇವೆ, ಅದನ್ನೂ ಹೇಳಬೇಕು. ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಬ್ರೊಂಜಿನೊ ಎಂಬ ಕಲಾವಿದನ ಒಂದು ಚಿತ್ರವಿದೆ, ಸುಮಾರು 1545ರದ್ದು. ವೀನಸ್, ಕ್ಯುಪಿಡ್, ಹೆಗಲ ಮೇಲೆ ಮರಳುಗಡಿಯಾರ ಹೊತ್ತ ಕಾಲಪುರುಷ, ಬಿದ್ದಿರುವ ಮುಖವಾಡಗಳು. ಮೂಲೆಯಲ್ಲಿ ಮುದ್ದು ಮುಖದ ಹುಡುಗಿ. ಒಂದು ಕೈಯಲ್ಲಿ ಜೇನುಹುಟ್ಟು ಚಾಚುತ್ತಾಳೆ, ಮೈಯ ಕೆಳಭಾಗ ನೋಡಿದರೆ ಹಾವಿನ ಹಾಗೆ ಬಾಲ, ಅದರ ತುದಿಯಲ್ಲಿ ಕೊಂಡಿ. ಇದು ಅರಮನೆಯವರಿಗೆ ಕೊಟ್ಟ ಒಗಟು. ಸುಖ ಕೊಡುವ ಕೈ, ಕುಟುಕುವ ಬಾಲ ಅಂತ ಬಿಡಿಸಿಕೊಂಡು ಖುಷಿಪಡಲಿ ಅಂತಲೇ ಮಾಡಿದ್ದು. ಅಂಥ ಚಿತ್ರದ ಮುಂದೆ ನಿಮ್ಮ ಮಗಳ ಮೊಬೈಲ್ ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೂ ಅದರಲ್ಲಿ ತಲೆ ಹಿಡಿದುಕೊಂಡು ಕಿರುಚುತ್ತಿರುವವರು ಹೊಟ್ಟೆಕಿಚ್ಚೋ, ಕಾಯಿಲೆಯೋ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ, ಆ ಮಾತು ಬೇರೆ.

ಬೋಕ್ಲಿನ್ ಚಿತ್ರ ಆ ಜಾತಿಯದ್ದಲ್ಲ. ಇದರ ಅರ್ಥ ಇದು ಅಂತ ಅವರು ಬಹಿರಂಗವಾಗಿ ಹೇಳಲೇ ಇಲ್ಲ. ಕನಸಿನ ಚಿತ್ರ ಅಂದರು. ಇದನ್ನು ನೋಡುತ್ತಿರುವಾಗ ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿಬೀಳಬೇಕು, ಅಷ್ಟು ನಿಶ್ಶಬ್ದ ಹುಟ್ಟಬೇಕು ಎಂಬ ಅರ್ಥದ ಮಾತು ಹೇಳಿದರು. ಒಗಟಿಗೆ ಉತ್ತರ ಇರುತ್ತದೆ. ನಿಶ್ಶಬ್ದಕ್ಕೆ ಏನು ಉತ್ತರ?

ವೈತರಣಿ ಕೇಳಿದ್ದೀರಿ. ನೆನಪಾಗೋದು ಸಹಜ. ಸತ್ತವರು ದಾಟುವ ನೀರು ಎರಡೂ ಕಡೆ ಇದೆ. ಆದರೆ ಒಂದು ವ್ಯತ್ಯಾಸ ಬಿಟ್ಟುಬಿಡಬೇಡಿ. ಗರುಡಪುರಾಣದ ವೈತರಣಿ ಭಯ ಹುಟ್ಟಿಸುವ ನದಿ. ಕೀವು, ರಕ್ತ, ಮೊಸಳೆ. ದಾನ ಕೊಟ್ಟವರಿಗೆ ಹಸುವಿನ ಬಾಲ ಹಿಡಿದು ದಾಟುವ ದಾರಿ, ಪಾಪಿಗಳಿಗೆ ನರಕಯಾತನೆ. ಅಲ್ಲಿ ಲೆಕ್ಕಾಚಾರವಿದೆ. ಬೋಕ್ಲಿನ್ ನೀರಿನಲ್ಲಿ ಅಲೆಯೇ ಇಲ್ಲ. ತಪ್ಪು ಒಪ್ಪು ಕೇಳುವವರಿಲ್ಲ. ಗ್ರೀಕರ ಅಂಬಿಗ ಖಾರೋನ್ ಕೂಡ ದಾಟಿಸೋಕೆ ಕಾಸು ಕೇಳುತ್ತಾನೆ, ಅದಕ್ಕೇ ಸತ್ತವರ ಬಾಯಲ್ಲಿ ನಾಣ್ಯ ಇಡುತ್ತಿದ್ದರು. ಇಲ್ಲಿನ ಅಂಬಿಗ ಯಾವ ಗಲಾಟೆಯೂ ಇಲ್ಲದೆ ಹಿಂದೆ ಕೂತು ಹುಟ್ಟು ಹಾಕುತ್ತಾನೆ. ಗ್ರೀಕರ ಪುರಾಣದ ದೋಣಿ, ನೀರು ತೆಗೆದುಕೊಂಡು ಬೋಕ್ಲಿನ್ ಅದರ ಭಯವನ್ನು ಹೊರಗೆ ಬಿಟ್ಟಿದ್ದಾರೆ ಅಂತ ನನಗನ್ನಿಸುತ್ತದೆ. ಹೋಲಿಕೆ ಸಿಕ್ಕ ಕೂಡಲೇ ನಿಲ್ಲಬಾರದು. ಎಲ್ಲಿ ಹೋಲುವುದಿಲ್ಲ ಅನ್ನೋದನ್ನು ನೋಡಿದಾಗಲೇ ಚಿತ್ರ ಬಾಯಿ ಬಿಡುವುದು.

ಬಿಳಿ ಬಟ್ಟೆಯ ವಿಷಯ ಇನ್ನೂ ಸ್ವಾರಸ್ಯ. ಬಿಳಿ ನೋಡಿದ ತಕ್ಷಣ ನಿಮಗೆ ವಿಧವೆ ಕಂಡಿದ್ದರೆ ಅದು ನಮ್ಮ ಕಣ್ಣು. ನಮ್ಮಲ್ಲೂ ಎಲ್ಲರಿಗೂ ಬಿಳಿ ಅಲ್ಲ, ಹಳೆಯ ಕಾಲದ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿಕೊಂಡ ಅಜ್ಜಿಯರು ಉಡುತ್ತಿದ್ದದ್ದು ಕೆಂಪು ಸೀರೆ. ಆ ಕಾಲದ ಯುರೋಪಿನಲ್ಲಂತೂ ವಿಧವೆ ಅಂದರೆ ಕಪ್ಪು. ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡ ತೀರಿಕೊಂಡ ಮೇಲೆ 1901ರಲ್ಲಿ ಸಾಯೋತನಕ ಕಪ್ಪು ಉಡುಪು ಬಿಡಲಿಲ್ಲ. ಮಾರಿ ಬೆರ್ನಾಗೂ ಆ ಪದ್ಧತಿ ಗೊತ್ತಿದ್ದದ್ದೇ. ಹಾಗಿದ್ದರೂ ಬೋಕ್ಲಿನ್ ಬಳಸಿದ್ದು ಬಿಳಿ. ಅಲ್ಲಿನವರಿಗೆ ಅದು ಹೆಣಕ್ಕೆ ಹೊದಿಸುವ ಬಟ್ಟೆ, ಇಲ್ಲವೇ ಹಳೆಯ ಗ್ರೀಕ್ ಅಮೃತಶಿಲೆಯ ಮೂರ್ತಿ. ಅದಕ್ಕೇ ಅಲ್ಲಿ ನಿಂತಿರುವವರು ಬದುಕಿರುವವರೋ, ಸತ್ತವರ ಆತ್ಮವೋ ಅಂತ ಅಲ್ಲಿನ ನೋಡುಗರಿಗೂ ಗೊಂದಲ. ನೀವು ನಮ್ಮ ಊರಿನ ದಾರಿ ಹಿಡಿದು ವಿಧವೆಯ ಹತ್ತಿರ ಹೋದಿರಿ. ಚಿತ್ರದ ಹಿಂದಿನ ಕಥೆಯಲ್ಲೂ ವಿಧವೆಯೇ ಸಿಕ್ಕಿದರು. ದಾರಿ ಬೇರೆ, ಮುಟ್ಟಿದ ಮನೆ ಒಂದೇ. ಯಾವಾಗಲೂ ಹೀಗಾಗುವುದಿಲ್ಲ, ಈ ಸಲ ಆಯಿತು.

ಈಗ 'ನಾನೇ ಅಲ್ಲಿ ನಿಂತಿದ್ದೀನಿ' ಅನ್ನಿಸಿತಲ್ಲ, ಅದು ಹೇಗಾಯಿತು ನೋಡೋಣ. ಅದನ್ನು ಸುಮ್ನೆ ಭ್ರಮೆ ಅನ್ನುವ ಹಾಗಿಲ್ಲ. ಅದರಲ್ಲಿ ಕಲಾವಿದನ ಕೈವಾಡವಿದೆ.

ಮುಂದಿನ ಸಲ ಹೋದಾಗ ಅರ್ಥ ಯೋಚಿಸಬೇಡಿ, ಬೆಳಕು ಎಲ್ಲಿದೆ ನೋಡಿ. ಚಿತ್ರ ಸುಮಾರು ಒಂದೂವರೆ ಮೀಟರ್ ಅಗಲ. ಬಂಡೆಯ ಮೇಲೂ ಬೆಳಕು ಬಿದ್ದಿದೆ. ಆದರೆ ಕಣ್ಣು ಹೋಗಿ ಕೂರುವುದು ಆ ಪುಟ್ಟ ಬಿಳಿ ಆಕೃತಿಯ ಮೇಲೆ, ಯಾಕೆಂದರೆ ಅದರ ನೇರ ಎದುರಿಗೆ ಮರಗಳ ಕಪ್ಪು ಇದೆ. ಬಿಳಿಯಿಂದ ಕಣ್ಣು ಕಪ್ಪಿಗೆ ಜಾರುತ್ತದೆ. ದೋಣಿ ಹೋಗುವ ದಾರಿಯೂ ಅದೇ. ನೀವು ದೋಣಿಯ ಜೊತೆ ಹೋಗಿಬಿಟ್ಟಿರುತ್ತೀರಿ, ನಿಮಗೇ ಗೊತ್ತಾಗದ ಹಾಗೆ. ಎರಡು ಬದಿಯ ಬಂಡೆಗಳು ತೋಳು ಚಾಚಿದ ಹಾಗೆ ಮುಂದೆ ಬಂದಿವೆ. ನೀರು ಅಡ್ಡಕ್ಕೆ ಮಲಗಿದೆ, ಮರಗಳು ನೆಟ್ಟಗೆ ನಿಂತಿವೆ. ದೋಣಿಯಲ್ಲಿ ಪೆಟ್ಟಿಗೆ ಅಡ್ಡಕ್ಕಿದೆ, ಮನುಷ್ಯಾಕೃತಿ ನೆಟ್ಟಗಿದೆ. ದೊಡ್ಡ ದ್ವೀಪದಲ್ಲಿ ಇರುವುದೇ ಚಿಕ್ಕ ದೋಣಿಯಲ್ಲೂ ಇದೆ. ಒಮ್ಮೆ ಇದು ಕಂಡರೆ ಮತ್ತೆ ಮರೆಯೋಕೆ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಆ ಆಕೃತಿಗೆ ಮುಖವಿಲ್ಲ. ಬೆನ್ನು ನಮ್ಮ ಕಡೆ. ಬೋಕ್ಲಿನ್ ಮಾರಿ ಬೆರ್ನಾ ಅವರ ಮುಖ ಬರೆದಿದ್ದರೆ ಅದು ಆಕೆಯ ಕುಟುಂಬದ ಚಿತ್ರವಾಗಿ ಆ ಮನೆಯ ಗೋಡೆಯಲ್ಲೇ ಉಳಿದುಬಿಡುತ್ತಿತ್ತು. ಬೆನ್ನು ತಿರುಗಿಸಿದ್ದರಿಂದ ಆಕೆ ನೋಡುತ್ತಿರುವ ಕಡೆಗೇ ನಾವೂ ನೋಡುತ್ತಿರುತ್ತೇವೆ. ಮುಖದ ಜಾಗ ಖಾಲಿ ಇದೆ, ನೋಡುವವರು ತಮ್ಮದನ್ನು ತಂದಿಡುತ್ತಾರೆ. ನೀವು ಇಟ್ಟಿರಿ.

ಬೋಕ್ಲಿನ್ ಕೂಡ ಇಟ್ಟರು, ಅದೂ ನೀವು ನೋಡಿದ ಚಿತ್ರದಲ್ಲೇ. ಬಲಗಡೆ ಬಂಡೆಯಲ್ಲಿ ಕೊರೆದ ಗೋರಿಗಳ ಬಾಗಿಲುಗಳಿವೆಯಲ್ಲ? ಅವುಗಳಲ್ಲಿ ಒಂದರ ಮೇಲೆ 'ಎ. ಬಿ.' ಅಂತ ಎರಡು ಅಕ್ಷರಗಳಿವೆ. ಆರ್ನಾಲ್ಡ್ ಬೋಕ್ಲಿನ್. ಮೊದಲೆರಡು ಚಿತ್ರಗಳಲ್ಲಿ ಇದಿರಲಿಲ್ಲ. ಮೂರನೆಯದರಿಂದ ಶುರುವಾಯಿತು. ಕಲಾವಿದರು ಮೂಲೆಯಲ್ಲಿ ಸಹಿ ಹಾಕೋದು ಮಾಮೂಲು. ಇವರು ತಮ್ಮ ಹೆಸರಿನ ಅಕ್ಷರ ಹಾಕಿದ್ದು ಗೋರಿಯ ಬಾಗಿಲ ಮೇಲೆ, ಜಾಗ ಕಾದಿರಿಸಿದ ಹಾಗೆ. ಸಾವಿನ ಬಗ್ಗೆ ಇಷ್ಟು ತಣ್ಣಗೆ ತಮಾಷೆ ಮಾಡಿದವರನ್ನು ನಾನು ಜಾಸ್ತಿ ಕಂಡಿಲ್ಲ. ಅಥವಾ ಅದು ತಮಾಷೆ ಅಲ್ಲವೇ ಅಲ್ಲವೇನೋ, ನೀವೇ ನೋಡಿ ಹೇಳಿ. ಆಗ ಅವರಿಗೆ ಸುಮಾರು 56 ವರ್ಷ.

ಅದೇ ಮ್ಯೂಸಿಯಂನಲ್ಲಿ ಅವರ 1872ರ ಸ್ವಚಿತ್ರವೂ ಇದೆ. ತಪ್ಪಿಸಬೇಡಿ. ಕೈಯಲ್ಲಿ ಕುಂಚ, ಬಣ್ಣದ ಹಲಗೆ ಹಿಡಿದು ಬೋಕ್ಲಿನ್ ನಿಂತಿದ್ದಾರೆ. ಹೆಗಲ ಹಿಂದೆ ಒಂದು ಅಸ್ಥಿಪಂಜರ ಕಿವಿಯ ಹತ್ತಿರವೇ ಪಿಟೀಲು ನುಡಿಸುತ್ತಿದೆ. ಪಿಟೀಲಿಗೆ ಇರೋದು ಒಂದೇ ತಂತಿ. ಬೋಕ್ಲಿನ್ ತಲೆ ಒಂದಿಷ್ಟು ವಾಲಿಸಿ ಕೇಳಿಸಿಕೊಳ್ಳುತ್ತಿದ್ದಾರೆ. ಮುಖದಲ್ಲಿ ಹೆದರಿಕೆ ಇಲ್ಲ, ಕೆಲಸ ನಿಲ್ಲಿಸಿದವರ ಗಮನ ಇದೆ. ಮೊದಲು ಬರೇ ಸ್ವಚಿತ್ರವಿತ್ತು, 'ಏನು ಕೇಳಿಸ್ಕೋತಿದ್ದೀರಿ?' ಅಂತ ಸ್ನೇಹಿತರು ಕೇಳಿದ ಮೇಲೆ ಅಸ್ಥಿಪಂಜರ ಸೇರಿಸಿದರು ಅಂತ ಒಂದು ಕಥೆ ಹೇಳುತ್ತಾರೆ. ಎರಡು ಚಿತ್ರಗಳನ್ನು ಒಂದೇ ದಿನ ನೋಡಿದರೆ ಈ ಮನುಷ್ಯ ಏನನ್ನು ಹುಡುಕುತ್ತಿದ್ದರು ಅನ್ನೋದು ಯಾವ ಫಲಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಹಾಗಂತ ನಮಗೆ ಅನ್ನಿಸಿದ್ದೆಲ್ಲ ಚಿತ್ರದಲ್ಲಿದೆ ಅಂದುಕೊಳ್ಳಬೇಡಿ. ನನ್ನ ವಿದ್ಯಾರ್ಥಿಗಳು ಎಡವೋದು ಇಲ್ಲೇ. 'ನಂಗೆ ಹೀಗನ್ನಿಸ್ತು ಸಾರ್' ಅಂದರೆ ಮಾತು ಮುಗಿಯಿತು ಅಂದುಕೊಳ್ಳುತ್ತಾರೆ. ಈ ಚಿತ್ರದ ಮುಂದೆ ಎಂಥೆಂಥವರು ನಿಂತರು ನೋಡಿ. ರಷ್ಯಾದ ಸಂಗೀತಗಾರ ರಾಖ್ಮನಿನೋವ್ 1907ರಲ್ಲಿ ಪ್ಯಾರಿಸ್‌ನಲ್ಲಿ ಇದರ ಕಪ್ಪು ಬಿಳುಪು ಪ್ರತಿ ನೋಡಿದರು. ಅದರಿಂದ ಹುಟ್ಟಿದ್ದು 1909ರ ಅವರ ವಾದ್ಯವೃಂದದ ಕೃತಿ. ಶುರುವಿನಲ್ಲಿ ಐದೈದು ಎಣಿಕೆಯ ಲಯ ಬರುತ್ತದೆ. ನಮ್ಮ ಖಂಡ ನಡೆ ಗೊತ್ತಿದ್ದವರು ಕೈಯಲ್ಲಿ ಎಣಿಸಿಕೊಳ್ಳಬಹುದು. ಎರಡು, ಮೂರು ಅಂತ ಸಮವಾಗದೆ ತೂಗುವ ಆ ಲಯದಲ್ಲಿ ಹುಟ್ಟಿನ ಏಟು ಕೇಳಿಸುತ್ತದೆ. ಆಮೇಲೆ ಬಣ್ಣದ ಮೂಲಚಿತ್ರ ನೋಡಿದಾಗ ಅಷ್ಟೇನೂ ಹಿಡಿಸಲಿಲ್ಲ, ಮೊದಲೇ ಇದನ್ನು ನೋಡಿದ್ದರೆ ಬಹುಶಃ ಬರೆಯುತ್ತಲೇ ಇರಲಿಲ್ಲ ಎಂಬರ್ಥದಲ್ಲಿ ಅವರೇ ಹೇಳಿಕೊಂಡರು. ಇನ್ನೊಂದು ಕಡೆ, ನೀವು ನೋಡಿದ ಅದೇ ಮೂರನೇ ಚಿತ್ರವನ್ನು 1930ರ ದಶಕದಲ್ಲಿ ಕೊಂಡುಕೊಂಡದ್ದು ಹಿಟ್ಲರ್. ಅವನಿಗೆ ಅದರಲ್ಲಿ ಏನು ಕಂಡಿತೋ, ನನಗಂತೂ ತಿಳಿಯುವ ಆಸೆಯಿಲ್ಲ. ಗೋಡೆಯ ಮೇಲೆ ಇಂಥ ನಿಶ್ಶಬ್ದ ತೂಗುಹಾಕಿಕೊಂಡು ಹೊರಗೆ ಅಂಥ ಕೆಲಸ ಮಾಡಿದವನು ಅವನು. ಚಿತ್ರ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ.

ಹಾಗಾಗಿ ನಾನು ಹೇಳೋದು ಇಷ್ಟು. ಒಂದು ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದಾದ್ದನ್ನು ಮಾತ್ರ ಬರೆಯಿರಿ. 'ದೋಣಿ ಇದೆ' ಅಂತ ಬರೆಯಬಹುದು, 'ಸಾವು ಇದೆ' ಅಂತ ಅಲ್ಲ. 'ಬೆನ್ನು ಕಾಣುತ್ತದೆ' ಅನ್ನಬಹುದು, 'ಅಳುತ್ತಿದ್ದಾಳೆ' ಅನ್ನುವ ಹಾಗಿಲ್ಲ. ಬಲಗಡೆ ನಿಮಗೆ ಅನ್ನಿಸಿದ್ದು ಬರೆಯಿರಿ. ಆಮೇಲೆ ಬಲಗಡೆಯ ಒಂದೊಂದು ಮಾತಿನಿಂದ ಎಡಗಡೆಯ ಯಾವುದಕ್ಕೆ ಗೆರೆ ಎಳೆಯಬಹುದು ನೋಡಿ. ಗೆರೆ ಸಿಕ್ಕಿದ್ದು ನಿಮ್ಮ ಮತ್ತು ಚಿತ್ರದ ನಡುವಿನ ಮಾತು. ಯಾವುದಕ್ಕೂ ಗೆರೆ ಸಿಗದೆ ಉಳಿದದ್ದು ಪೂರ್ತಿ ನಿಮ್ಮದು. ಅದನ್ನು ಹೊಡೆದುಹಾಕಬೇಡಿ. ಆದರೆ ಬೋಕ್ಲಿನ್ ಹೆಸರಿಗೆ ಹಚ್ಚಬೇಡಿ. ನೀವು ಬರೆದ 'ಬಿಟ್ಟುಬರೋಕೆ ಹೋಗ್ತಿದ್ದೀನಿ' ಅನ್ನುವ ಮಾತಿನಲ್ಲಿ 'ಹೋಗ್ತಿದ್ದೀನಿ' ಅನ್ನೋದಕ್ಕೆ ಗೆರೆ ಸಿಗುತ್ತದೆ. ದೋಣಿ ಇದೆ, ಪೆಟ್ಟಿಗೆ ಇದೆ. 'ವಾಪಸ್ ಬರ್ತೀನಿ' ಅನ್ನೋದಕ್ಕೆ ಚಿತ್ರದಲ್ಲಿ ಏನೂ ಇಲ್ಲ. ಅದು ನೀವು ತಂದದ್ದು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೂ ಅದೇ.

ದೋಣಿಯ ದಿಕ್ಕಿನ ಬಗ್ಗೆ ವಾದ ನಡೆದಿದೆ. ಅಂಬಿಗ ಕೂತಿರುವ ರೀತಿ ನೋಡಿ ದ್ವೀಪದಿಂದ ಹೊರಡುತ್ತಿದೆ ಅನ್ನುವವರೂ ಇದ್ದಾರೆ. ನನಗೆ ಹೋಗುತ್ತಿದೆ ಅಂತಲೇ ಅನ್ನಿಸುತ್ತದೆ. ಕಾರಣ ತೀರಾ ಸಾಧಾರಣ: ಪೆಟ್ಟಿಗೆ ಇನ್ನೂ ದೋಣಿಯಲ್ಲೇ ಇದೆ. ಇಳಿಸಿ ಬರುವವರು ಅದನ್ನು ಯಾಕೆ ಹೊತ್ತುಕೊಂಡು ಬರುತ್ತಾರೆ? ನಿಂತಿರುವವರ ಮುಖವೂ ದ್ವೀಪದ ಬಾಗಿಲ ಕಡೆಗಿದೆ.

ಪ್ರಿಂಟ್ ವಿಷಯ. ನಿಮ್ಮ ನಾದಿನಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆ ಮನೆಯಲ್ಲಿ ಇರಬೇಕಾದವರು ನೀವೆಲ್ಲ. ಆದರೆ ಒಂದು ಕಾಲದಲ್ಲಿ ಜರ್ಮನಿಯ ಮಧ್ಯಮವರ್ಗದ ಮನೆಗಳ ಹಾಲ್‌ನಲ್ಲಿ ಇದೇ ಚಿತ್ರ ತೂಗುತ್ತಿತ್ತು ಅಂತ ಅವರಿಗೆ ಹೇಳಿ. 1890ರಲ್ಲಿ ಮ್ಯಾಕ್ಸ್ ಕ್ಲಿಂಗರ್ ಎಂಬ ಕಲಾವಿದ ಇದನ್ನು ಲೋಹದ ತಗಡಿನಲ್ಲಿ ಕೊರೆದು ಅಚ್ಚು ಮಾಡಿಕೊಟ್ಟ ಮೇಲೆ ಅದು ಇನ್ನಷ್ಟು ಹರಡಿತು. ಹಾಲ್ ಬೇಡ ಅಂದರೆ ನಿಮ್ಮ ಕೋಣೆಯಲ್ಲಿ ಹಾಕಿಕೊಳ್ಳಿ. ಬೋಕ್ಲಿನ್ 1888ರಲ್ಲಿ 'ಜೀವನದ ದ್ವೀಪ' ಅಂತಲೂ ಒಂದು ಬರೆದಿದ್ದಾರೆ, ಹಂಸಗಳು, ತಾಳೆಮರ, ಕುಣಿಯುವ ಜನ ಎಲ್ಲ ಇದ್ದಾರೆ. ರಾಜಿಗೆ ಅದು ಆಗಬಹುದು, ಆದರೆ ಚಿತ್ರವಾಗಿ ಅಷ್ಟಕ್ಕಷ್ಟೇ.

ಕೊಳ್ಳುವಾಗ ಎರಡು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಐದರಲ್ಲಿ ಯಾವುದು ಅಂತ ಹೇಳದೆ ಮಾರುತ್ತಾರೆ. ಬಾಸೆಲ್‌ನಲ್ಲಿರುವ ಮೊದಲನೆಯದು ಮತ್ತು ನ್ಯೂಯಾರ್ಕ್‌ನ ಎರಡನೆಯದು ಕತ್ತಲು ಜಾಸ್ತಿ, ನೀವು ನೋಡಿದ ಬರ್ಲಿನ್‌ನದರ ಆಕಾಶ ತಿಳಿ, ಬಂಡೆಯ ಅಂಚುಗಳೂ ಸ್ಪಷ್ಟ. ಇನ್ನೊಂದು, ಫ್ರೇಮಿನ ಅಳತೆಗೆ ಹೊಂದಿಸೋಕೆ ಅಕ್ಕಪಕ್ಕ ಕತ್ತರಿಸಿರುತ್ತಾರೆ. ಮೂಲ ಸುಮಾರು 80 ಸೆಂಟಿಮೀಟರ್ ಎತ್ತರ, 150 ಅಗಲ. ಅದೇ ಅನುಪಾತ ಇದೆಯೇ ಅಳೆದು ನೋಡಿ. ಅಕ್ಕಪಕ್ಕದ ನೀರು ಹೋದರೆ ದ್ವೀಪ ಒಂಟಿಯಾಗಿ ಉಳಿಯುವುದಿಲ್ಲ. ಬಲಗಡೆಯ ಗೋರಿ ಬಾಗಿಲಿನ ಆ ಎರಡು ಅಕ್ಷರ ಓದೋಕೆ ಆಗುವಷ್ಟು ದೊಡ್ಡದು ಸಿಕ್ಕರೆ ಮಾತ್ರ ದುಡ್ಡು ಕೊಡಿ.